ಕೆತ್ತನೆ ಶುರು ಮಾಡುವ ಮುಂಚೆ: ಮಷೀನಿನ ಟಿಪ್ಪೋ, ಲೇಸರೋ, ಗಾಜಿನ ಕ್ರೀಮೋ, ಕೈಪೆನ್ನೋ?

ಸ್ಟಿಕರ್ ಕತ್ತರಿಸಲು, ಟೀ-ಶರ್ಟಿಗೆ ಅಕ್ಷರ ಅಂಟಿಸಲು ಅಂತ ಮನೆಗೆ ಕಟಿಂಗ್ ಮಷೀನ್ ತಂದವರಿಗೆ ಸ್ವಲ್ಪ ದಿನ ಆದ ಮೇಲೆ ಒಂದು ಆಸೆ ಹುಟ್ಟುತ್ತದೆ. ಇದರಲ್ಲೇ ಹೆಸರು ಕೆತ್ತಬಹುದಲ್ವಾ? ಕೀಚೈನು, ಬಾಗಿಲಿನ ನೇಮ್‌ಪ್ಲೇಟು, ನಾಯಿಯ ಕೊರಳಿಗೆ ಬಿಲ್ಲೆ, ಮದುವೆಗೆ ಕೊಡಲು ಗಾಜಿನ ಲೋಟ, ಅಮ್ಮನ ಸ್ಟೀಲ್ ಡಬ್ಬ. ಪಟ್ಟಿ ಬೇಗ ಉದ್ದವಾಗುತ್ತದೆ. ಇದರಲ್ಲಿ ಕೆಲವು ಆ ಮಷೀನಿನಲ್ಲೇ ಚೆನ್ನಾಗಿ ಆಗುತ್ತವೆ. ಕೆಲವು ಏನು ಮಾಡಿದರೂ ಆಗುವುದಿಲ್ಲ. ಇದು ಗೊತ್ತಾಗುವ ಮುಂಚೆಯೇ ದುಡ್ಡು ಹಾಕುವವರು ಜಾಸ್ತಿ.

ಹಾಗಾಗಿ ಯಾವ ಮಷೀನು ಒಳ್ಳೆಯದು ಅಂತ ಹುಡುಕುವುದನ್ನು ಸ್ವಲ್ಪ ಪಕ್ಕಕ್ಕಿಡಿ. ಯಾವ ವಸ್ತುವಿನ ಮೇಲೆ ಕೆತ್ತಬೇಕು ಅಂತ ಮೊದಲು ತೀರ್ಮಾನ ಮಾಡಿ. ಅದು ಚಪ್ಪಟೆಯೋ ಗುಂಡಗಿದೆಯೋ? ಮೆತ್ತಗಿನ ಲೋಹವೋ, ಗಟ್ಟಿ ಸ್ಟೀಲೋ, ಗಾಜೋ, ಮರವೋ? ಎಷ್ಟು ದಪ್ಪ? ಇಷ್ಟಕ್ಕೆ ಉತ್ತರ ಸಿಕ್ಕರೆ ಅರ್ಧಕ್ಕರ್ಧ ಆಯ್ಕೆ ತಾನಾಗಿಯೇ ಉದುರಿಹೋಗುತ್ತದೆ.

ಅವಸರ ಇದ್ದವರಿಗೆ

ಚಪ್ಪಟೆಯಾದ ತೆಳು ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ, ಅಕ್ರಿಲಿಕ್ ಮೇಲೆ ಕೆತ್ತಬೇಕು, ಮನೆಯಲ್ಲಿ ಆಗಲೇ ಕ್ರಿಕಟ್ ಕಂಪನಿಯ ಮೇಕರ್ ಎಂಬ ಕಟಿಂಗ್ ಮಷೀನ್ ಇದೆ ಎಂದರೆ ಅದರ ಎನ್‌ಗ್ರೇವಿಂಗ್ ಟಿಪ್ (ಕೆತ್ತುವ ಮೊನೆ) ತೆಗೆದುಕೊಳ್ಳಿ. ಗಾಜಿನ ಲೋಟ, ಬಾಟಲಿ, ಕನ್ನಡಿಗೆ ಯಾವ ಕಟಿಂಗ್ ಮಷೀನಾದರೂ ಸಾಕು. ವಿನೈಲ್ ಸ್ಟಿಕರ್ ಹಾಳೆಯಲ್ಲಿ ಸ್ಟೆನ್ಸಿಲ್ ಕತ್ತರಿಸಿ, ಗಾಜಿನ ಮೈಯನ್ನು ಮಸುಕು ಮಾಡುವ ಎಚಿಂಗ್ ಕ್ರೀಮ್ ಹಚ್ಚಿ. ಮರ, ಚರ್ಮ, ರಟ್ಟು ನಿಮ್ಮ ಮುಖ್ಯ ಕೆಲಸವಾದರೆ ಲೇಸರ್. ಸ್ಟೀಲ್ ಪಾತ್ರೆಗೆ ಕೈಯಲ್ಲಿ ಹಿಡಿದು ಬರೆಯುವ ಕರೆಂಟ್ ಪೆನ್ನು. ಒಂದೇ ಒಂದು ನೇಮ್‌ಪ್ಲೇಟ್ ಬೇಕಾಗಿದ್ದರೆ ಏನೂ ಕೊಳ್ಳಬೇಡಿ, ಟ್ರೋಫಿ ಮಾಡುವ ಅಂಗಡಿಗೆ ಹೋಗಿ ಬನ್ನಿ.

ಈಗ ಒಂದೊಂದಾಗಿ ನೋಡೋಣ.

ಮೇಕರ್ ಮತ್ತು ಅದರ ಟಿಪ್

ಕ್ರಿಕಟ್ ಮೇಕರ್ ಬಂದಿದ್ದು 2017ರಲ್ಲಿ, ಮೇಕರ್ 3 ಬಂದಿದ್ದು 2021ರಲ್ಲಿ. ಇವುಗಳಿಗೆ ಕ್ವಿಕ್‌ಸ್ವಾಪ್ ಎನ್ನುವ ಹಿಡಿ ಸಿಗುತ್ತದೆ. ಅದರ ತುದಿಗೆ ಬೇಕಾದ ಟಿಪ್ ಸಿಕ್ಕಿಸಿಕೊಳ್ಳಬಹುದು. ಎನ್‌ಗ್ರೇವಿಂಗ್ ಟಿಪ್ಪಿನ ಮೇಲೆ 41 ಎಂಬ ಸಂಖ್ಯೆ ಇರುತ್ತದೆ. 21 ಎಂದಿರುವುದು ಡಿಬಾಸಿಂಗ್ ಟಿಪ್. ಅದು ಒತ್ತಿ ತಗ್ಗು ಮಾಡುತ್ತದೆಯೇ ಹೊರತು ಗೀರುವುದಿಲ್ಲ. ಪ್ಯಾಕೆಟ್ ನೋಡದೆ ತಂದರೆ ಎರಡೂ ಒಂದೇ ಥರ ಕಾಣುತ್ತವೆ, ಸಂಖ್ಯೆ ನೋಡಿಯೇ ತನ್ನಿ.

ಹೆಸರು ಎನ್‌ಗ್ರೇವಿಂಗ್ ಅಂತಿದ್ದರೂ ಇದು ಗಿರಗಿರ ತಿರುಗುವ ಡ್ರಿಲ್ ಅಲ್ಲ. ಗಟ್ಟಿಯಾದ ಕಾರ್ಬೈಡ್ ಮೊನೆಯನ್ನು ಒತ್ತಿ ಹಿಡಿದು ಎಳೆಯುತ್ತದೆ, ಅಷ್ಟೇ. ಗೆರೆ ಸಣ್ಣದಾಗಿ, ನಯವಾಗಿ ಬರುತ್ತದೆ. ಆಳ ಕಡಿಮೆ. ಬೆರಳು ಆಡಿಸಿದರೆ ಸ್ವಲ್ಪ ತಟ್ಟುತ್ತದೆ, ಅದಕ್ಕಿಂತ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬೇಡಿ. ದೇವಸ್ಥಾನದ ಹಿತ್ತಾಳೆ ಫಲಕದಲ್ಲಿ ಕಾಣುವ ಆಳದ ಅಕ್ಷರ ಇದರಿಂದ ಬರುವುದಿಲ್ಲ.

ಇಲ್ಲಿ ಲೆಕ್ಕಕ್ಕೆ ಬರುವುದು ಒತ್ತುವ ಬಲ. ಮೇಕರ್ ನಾಲ್ಕು ಕೆ.ಜಿ.ವರೆಗೆ ಒತ್ತಬಲ್ಲದು. ಇದೇ ಕಂಪನಿಯ ಎಕ್ಸ್‌ಪ್ಲೋರ್ ಸಾಲಿನ ಮಷೀನುಗಳ ಬಲ ಅದರ ಹತ್ತನೇ ಒಂದು ಪಾಲು. ಅದಕ್ಕೇ ಕಂಪನಿ ಈ ಟಿಪ್ಪನ್ನು ಮೇಕರ್ ಹೆಸರಿನ ಮಷೀನುಗಳಿಗೆ ಮಾತ್ರ ಕೊಡುತ್ತದೆ. ಎಕ್ಸ್‌ಪ್ಲೋರ್‌ನಲ್ಲೋ, ಅದೇ ಕಂಪನಿಯ ಚಿಕ್ಕ ಮಷೀನಾದ ಜಾಯ್‌ನಲ್ಲೋ ಅದು ಕೂರುವುದಿಲ್ಲ.

ಇನ್ನೊಂದು ಮಿತಿ ದಪ್ಪ. ಮೇಕರ್ ಒಳಗೆ 2.4 ಮಿ.ಮೀ.ಗಿಂತ ದಪ್ಪದ್ದು ಹೋಗುವುದಿಲ್ಲ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 3 ಮಿ.ಮೀ. ಅಕ್ರಿಲಿಕ್ ಇದಕ್ಕೆ ಆಗುವುದಿಲ್ಲ ಅಂತಾಯಿತು. 2 ಮಿ.ಮೀ. ಶೀಟ್ ಕೇಳಿ ತೆಗೆದುಕೊಳ್ಳಿ. ಗುಂಡಗಿನ ವಸ್ತು ಯಾವುದೂ ಹೋಗುವುದಿಲ್ಲ. ಉಬ್ಬಿದ ಪೆಂಡೆಂಟು, ಅಂಚು ಎದ್ದ ತಟ್ಟೆ, ನೀರಿನ ಬಾಟಲಿ ಎಲ್ಲವನ್ನೂ ಪಟ್ಟಿಯಿಂದ ತೆಗೆದುಬಿಡಿ.

ಯಾವುದರ ಮೇಲೆ ಹೇಗೆ ಬರುತ್ತದೆ? ಶುರು ಮಾಡುವವರಿಗೆ ನಾನು ಹೇಳುವುದು ಅಲ್ಯೂಮಿನಿಯಂ. ಅದರಲ್ಲೂ ಬಣ್ಣದ ಆನೋಡೈಸ್ ಮಾಡಿದ ಬಿಲ್ಲೆಗಳು. ಕಪ್ಪು, ನೀಲಿ, ಕೆಂಪು ಬಣ್ಣ ಮೇಲಿನ ಪದರದಲ್ಲಿ ಮಾತ್ರ ಇರುತ್ತದೆ. ಮೊನೆ ಅದನ್ನು ಗೀರಿದ ಕೂಡಲೇ ಒಳಗಿನ ಬೆಳ್ಳಿ ಬಣ್ಣ ಹೊಳೆಯುತ್ತದೆ. ಆಳ ಇಲ್ಲದಿದ್ದರೂ ದೂರದಿಂದ ಓದಬಹುದು. ಬಣ್ಣ ಇಲ್ಲದ ಅಲ್ಯೂಮಿನಿಯಂ ಮೇಲೆ ಗೆರೆ ಬರುತ್ತದೆ, ಆದರೆ ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಚೆನ್ನಾಗಿ ಕಾಣುತ್ತದೆ. ಹಿತ್ತಾಳೆ, ತಾಮ್ರದ ತೆಳು ತಗಡಿನ ಮೇಲೂ ಹೀಗೇ. ನೋಡಲು ಶ್ರೀಮಂತವಾಗಿರುತ್ತದೆ, ಆದರೆ ಗೆರೆಗೆ ಬಣ್ಣ ತುಂಬಬೇಕು.

ಅಕ್ರಿಲಿಕ್ ಮೇಲೆ ಬಿಳಿ ಗೆರೆ ಬರುತ್ತದೆ. ಅಂಚಿನಿಂದ ಎಲ್‌ಇಡಿ ಬೆಳಕು ಹಾಯಿಸಿದರೆ ಗೀರಿದ ಕಡೆ ಮಾತ್ರ ಬೆಳಗುತ್ತದೆ. ಎಲ್‌ಇಡಿ ಇರುವ ಮರದ ಪೀಠಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ, ಮಕ್ಕಳ ಕೋಣೆಗೆ ಚೆಂದದ ರಾತ್ರಿ ದೀಪ ಆಗುತ್ತದೆ. ಡಿಸೈನನ್ನು ಕನ್ನಡಿ ಪ್ರತಿಬಿಂಬದ ಥರ ತಿರುಗಿಸಿ ಶೀಟಿನ ಹಿಂಬದಿಗೆ ಕೆತ್ತಿದರೆ ಮುಂದಿನ ಮೈ ನುಣ್ಣಗೆ ಉಳಿಯುತ್ತದೆ, ಒರೆಸಲು ಸುಲಭ.

ಸ್ಟೇನ್‌ಲೆಸ್ ಸ್ಟೀಲ್ ಬೇಡ. ಗೀರು ಬಿದ್ದಂತೆ ಕಾಣುತ್ತದೆ, ಮೊನೆ ಸವೆಯುವುದೇ ಲಾಭ. ಗಾಜು ಬೇಡ. ಮರವೂ ಬೇಡ. ಮರದ ನಾರು ಸೀಳಿಕೊಂಡು ಗೆರೆಯ ಅಂಚು ಗೊಜ್ಜಾಗುತ್ತದೆ. ಚರ್ಮದ ಮೇಲೆ ಬರುತ್ತದೆ, ಆದರೆ ಅಲ್ಲಿ ಡಿಬಾಸಿಂಗ್ ಟಿಪ್ಪೇ ಚೆಂದ.

ಮೊದಲ ಬಿಲ್ಲೆ ಕೆತ್ತುವಾಗ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಟಿಪ್ ಕೆಟ್ಟದ್ದು ಎಂದು ದೂರುವವರಲ್ಲಿ ಬಹಳ ಮಂದಿಗೆ ತೊಂದರೆ ಆಗಿರುವುದು ಬಿಲ್ಲೆ ಅಲುಗಾಡಿ.

ಮೊದಲು ಮಷೀನಿನ ಉರುಳೆಯ ಮೇಲಿರುವ ಬಿಳಿ ನಕ್ಷತ್ರದಾಕಾರದ ಚಕ್ರಗಳನ್ನೆಲ್ಲ ಬಲತುದಿಗೆ ಸರಿಸಿ. ಸರಿಸದಿದ್ದರೆ ಅವು ಬಿಲ್ಲೆಯ ಮೇಲೆ ಉರುಳಿ ಗುರುತು ಮಾಡುತ್ತವೆ. ಸರಿಸಿದ ಮೇಲೆ ಕೆಲಸ ಮಾಡುವ ಅಗಲ 11 ಇಂಚಿಗೆ ಇಳಿಯುತ್ತದೆ. ಕೀಚೈನಿಗೆ ಅದು ಧಾರಾಳ ಆಯಿತು.

ಮ್ಯಾಟ್, ಅಂದರೆ ವಸ್ತುವನ್ನು ಅಂಟಿಸಿ ಮಷೀನಿನೊಳಗೆ ಕಳಿಸುವ ಅಂಟು ಹಾಳೆಯ ವಿಷಯಕ್ಕೆ ಬಂದರೆ ನೇರಳೆ ಬಣ್ಣದ ಸ್ಟ್ರಾಂಗ್‌ಗ್ರಿಪ್ ಮ್ಯಾಟೇ ಆಗಬೇಕು. ಅದರ ಮೇಲೂ ಬಿಲ್ಲೆಯ ಸುತ್ತ ಮಾಸ್ಕಿಂಗ್ ಟೇಪ್ ಹಾಕಿ. ಚಿಕ್ಕ ಬಿಲ್ಲೆಯಾದರೆ ಅಡಿಗೆ ಡಬಲ್ ಸೈಡ್ ಟೇಪ್.

ಆದರೆ ಬಿಲ್ಲೆಯನ್ನು ಸರಿಯಾದ ಜಾಗದಲ್ಲಿ ಇಡುವುದು ಹೇಗೆ? ಇದಕ್ಕೆ ಒಂದು ಸುಲಭ ಉಪಾಯ ಇದೆ. ಮ್ಯಾಟಿನ ಮೇಲೆ ದಪ್ಪ ಕಾರ್ಡ್ ಹಾಳೆ ಅಂಟಿಸಿ. ಬಿಲ್ಲೆಯ ಆಕಾರವನ್ನೇ ಅದರಲ್ಲಿ ಕತ್ತರಿಸಿ. ಒಳಗಿನ ತುಂಡು ಮಾತ್ರ ಎತ್ತಿ ತೆಗೆದುಬಿಡಿ, ಕಿಟಕಿಯಂತೆ ಜಾಗ ಆಗುತ್ತದೆ. ಬಿಲ್ಲೆಯನ್ನು ಆ ಕಿಟಕಿಯೊಳಗೆ ಕೂರಿಸಿ. ಈಗ ಕಂಪ್ಯೂಟರಿನಲ್ಲಿ ಅದೇ ಜಾಗದಲ್ಲಿ ಹೆಸರಿಟ್ಟು ಕೆತ್ತಲು ಕೊಡಿ. ಅಕ್ಷರ ಮಧ್ಯಕ್ಕೇ ಬರುತ್ತದೆ. ಒಂದೇ ಅಳತೆಯ ಬಿಲ್ಲೆ ತುಂಬಾ ಇದ್ದರೆ ಕಾರ್ಡನ್ನು ಹಾಗೇ ಬಿಟ್ಟು ಬಿಲ್ಲೆ ಮಾತ್ರ ಬದಲಾಯಿಸುತ್ತಾ ಹೋಗಬಹುದು.

ಕ್ರಿಕಟ್‌ನ ಡಿಸೈನ್ ಸ್ಪೇಸ್ ಸಾಫ್ಟ್‌ವೇರಿನಲ್ಲಿ ಡಿಸೈನ್ ಆರಿಸಿ, ಆಪರೇಷನ್ ಪಟ್ಟಿಯಲ್ಲಿ ಎನ್‌ಗ್ರೇವ್ ಕೊಡಿ. ಅಕ್ಷರಗಳೆಲ್ಲ ಆರಿಸಿ ಅಟ್ಯಾಚ್ ಮಾಡುವುದು ಮರೆಯಬೇಡಿ. ಮರೆತರೆ ಅದು ಕಾಗದ ಉಳಿಸುವ ಉತ್ಸಾಹದಲ್ಲಿ ಎಲ್ಲವನ್ನೂ ಮ್ಯಾಟಿನ ಮೂಲೆಗೆ ತಳ್ಳುತ್ತದೆ.

ಒಂದು ಸುತ್ತು ಮುಗಿದಾಗ ಮ್ಯಾಟ್ ಹೊರಗೆ ತೆಗೆಯಬೇಡಿ. ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಗೆರೆ ಮಸುಕಾಗಿದ್ದರೆ ಮಷೀನಿನ ಗೋ ಬಟನ್ ಇನ್ನೊಮ್ಮೆ ಒತ್ತಿ. ಅದೇ ಗೆರೆಯ ಮೇಲೆ ಮತ್ತೊಮ್ಮೆ ಹೋಗುತ್ತದೆ. ಒಂದೇ ಸಲ ಒತ್ತಡ ಜಾಸ್ತಿ ಕೊಡುವುದಕ್ಕಿಂತ ಎರಡು ಮೂರು ಸುತ್ತು ಕೊಡುವುದು ಒಳ್ಳೆಯದು, ಗೆರೆ ಶುದ್ಧವಾಗಿರುತ್ತದೆ. ಮ್ಯಾಟ್ ಒಮ್ಮೆ ಹೊರಗೆ ಬಂತೋ, ಮತ್ತೆ ಕೂದಲೆಳೆಯಷ್ಟೂ ತಪ್ಪದೆ ಕೂರುತ್ತದೆ ಅಂತ ನಂಬಬೇಡಿ.

ಲೋಹದ ಪುಡಿ ಏಳುತ್ತದೆ. ಊದಬೇಡಿ, ಕಣ್ಣಿಗೂ ಮಷೀನಿನ ಒಳಕ್ಕೂ ಹೋಗುತ್ತದೆ. ಟೇಪಿನ ಅಂಟು ಬದಿಯಿಂದ ಒತ್ತಿ ತೆಗೆಯಿರಿ.

ಗೆರೆ ಎದ್ದು ಕಾಣಬೇಕಾದರೆ ಕೆತ್ತಿದ ಮೇಲೆ ಕಪ್ಪು ಅಕ್ರಿಲಿಕ್ ಬಣ್ಣ ಉಜ್ಜಿ, ಒಣಗುವ ಮುಂಚೆ ಮೇಲ್ಮೈ ಮಾತ್ರ ಒರೆಸಿ. ಗೀರಿನೊಳಗೆ ಬಣ್ಣ ಉಳಿಯುತ್ತದೆ. ಇನ್ನೊಂದು ದಾರಿಯೂ ಇದೆ. ಬೀದರಿನ ಬಿದ್ರಿ ಕುಶಲಕರ್ಮಿಗಳು ಸತು-ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಕೆತ್ತುವ ಮುಂಚೆ ಮೈಲುತುತ್ತದ ನೀರು ಬಳಿಯುತ್ತಾರೆ. ಮೈ ಕಪ್ಪಾಗುತ್ತದೆ, ಉಳಿ ತಾಗಿದ ಗೆರೆ ಬೆಳ್ಳಗೆ ಕಾಣುತ್ತದೆ. ನಮ್ಮ ಅಲ್ಯೂಮಿನಿಯಂ ಬಿಲ್ಲೆಗೆ ಪರ್ಮನೆಂಟ್ ಮಾರ್ಕರ್ ಸಾಕು. ಮೊದಲೇ ಕಪ್ಪು ಬಳಿದಿಟ್ಟರೆ ಎಲ್ಲಿ ಗೆರೆ ಬಿತ್ತು, ಎಲ್ಲಿ ಬೀಳಲಿಲ್ಲ ಅಂತ ಕೂಡಲೇ ಗೊತ್ತಾಗುತ್ತದೆ. ಆಮೇಲೆ ಸ್ಪಿರಿಟ್ ಹಾಕಿ ಒರೆಸಿದರೆ ಆಯಿತು.

ಕನ್ನಡ ಅಕ್ಷರ ಕೆತ್ತುವವರ ಪಾಡು

ಇಂಗ್ಲಿಷ್ ಹೆಸರು ಕೆತ್ತುವವರಿಗೆ ಒಂಟಿ ಗೆರೆಯ ಫಾಂಟುಗಳು ಬೇಕಾದಷ್ಟಿವೆ. ಪೆನ್ನಿನಲ್ಲಿ ಬರೆದ ಹಾಗೆ ಮೊನೆ ಒಂದೇ ಗೆರೆಯಲ್ಲಿ ಹೋಗುತ್ತದೆ. ಕನ್ನಡದಲ್ಲಿ ನಾವು ದಿನಾ ಬಳಸುವ ಫಾಂಟುಗಳೆಲ್ಲ ಅಚ್ಚಿನ ಫಾಂಟುಗಳು, ಅಕ್ಷರಕ್ಕೆ ದಪ್ಪ ಇರುತ್ತದೆ. ಮಷೀನು ಆ ದಪ್ಪದ ಎರಡೂ ಅಂಚಿನ ಮೇಲೆ ಹೋಗುತ್ತದೆ. ಅಂದರೆ ಒಳಗೆ ಟೊಳ್ಳಾದ ಅಕ್ಷರ ಬರುತ್ತದೆ. ದೊಡ್ಡ ನೇಮ್‌ಪ್ಲೇಟಿನಲ್ಲಿ ಇದು ಚೆಂದವೇ. ಕೀಚೈನಿನಲ್ಲಿ ಗೋಜಲು.

ಇದಕ್ಕೆ ಮೂರು ದಾರಿ ಇವೆ. ಸುಲಭದ್ದು, ತೀರಾ ತೆಳು ಅಕ್ಷರ ಬಳಸುವುದು. ನೋಟೊ ಸ್ಯಾನ್ಸ್ ಕನ್ನಡ ಫಾಂಟಿನಲ್ಲಿ ಥಿನ್ ಎಂಬ ತೀರಾ ತೆಳು ರೂಪ ಇದೆ, ಉಚಿತವಾಗಿ ಸಿಗುತ್ತದೆ. ಅದರ ಎರಡು ಅಂಚು ಎಷ್ಟು ಹತ್ತಿರ ಇರುತ್ತವೆಂದರೆ, ಚಿಕ್ಕ ಅಳತೆಯಲ್ಲಿ ಕೆತ್ತಿದಾಗ ಒಂದೇ ಗೆರೆಯಂತೆ ಕಾಣುತ್ತದೆ. ನನಗೆ ಹೆಚ್ಚಿನ ಕೆಲಸಕ್ಕೆ ಇದೇ ಸಾಕು.

ಎರಡನೆಯದು, ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಉಚಿತ ಸಾಫ್ಟ್‌ವೇರ್ ಬಳಸಿ ನಿಜವಾದ ಒಂಟಿ ಗೆರೆ ಮಾಡಿಕೊಳ್ಳುವುದು. ಹೆಸರನ್ನು ಚಿತ್ರವಾಗಿ ಉಳಿಸಿ, ಟ್ರೇಸ್ ಬಿಟ್‌ಮ್ಯಾಪ್‌ನಲ್ಲಿ ಸೆಂಟರ್‌ಲೈನ್ ಆರಿಸಿದರೆ ಅಕ್ಷರದ ನಡುಗೆರೆ ಸಿಗುತ್ತದೆ. ತಿರುವುಗಳಲ್ಲಿ ಸೊಟ್ಟಪಟ್ಟ ಬರುತ್ತದೆ, ಕೂತು ತಿದ್ದಬೇಕು. ಒಂದು ಹೆಸರಿಗೆ ಸರಿ, ಇಪ್ಪತ್ತು ಹೆಸರಿಗೆ ತಾಳ್ಮೆ ಸಾಲುವುದಿಲ್ಲ.

ಮೂರನೆಯದು, ಟೊಳ್ಳು ಅಕ್ಷರದ ಒಳಗೆ ಒತ್ತೊತ್ತಾಗಿ ಗೆರೆ ತುಂಬುವುದು. ಇಂಕ್‌ಸ್ಕೇಪಿಗೆ ಹ್ಯಾಚ್ ಫಿಲ್ ಎಂಬ ಎಕ್ಸ್‌ಟೆನ್ಶನ್ ಹಾಕಿಕೊಂಡರೆ ಅದೇ ತುಂಬಿಕೊಡುತ್ತದೆ. ಕೆತ್ತಲು ತುಂಬಾ ಹೊತ್ತು ಹಿಡಿಯುತ್ತದೆ. ಆದರೆ ಕಪ್ಪು ಆನೋಡೈಸ್ ತಗಡಿನ ಮೇಲೆ ಅದು ಹೊಳೆಯುವುದು ನೋಡಿದರೆ ಕಾದಿದ್ದಕ್ಕೆ ಬೇಜಾರಾಗುವುದಿಲ್ಲ.

ಮೂರರಲ್ಲಿ ಯಾವುದೇ ಇರಲಿ, ಕನ್ನಡವನ್ನು ನೇರವಾಗಿ ಮಷೀನಿನ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಲು ಹೋಗಬೇಡಿ. ಇಂಕ್‌ಸ್ಕೇಪಿನಲ್ಲಿ ಬರೆದು, ಅಕ್ಷರವನ್ನು ಪಾತ್ (ಬರೀ ಗೆರೆಗಳ ಆಕಾರ) ಆಗಿ ಬದಲಿಸಿ, ತುಂಡುಗಳನ್ನು ಒಂದಾಗಿಸುವ ಯೂನಿಯನ್ ಕೊಟ್ಟು, ಎಸ್‌ವಿಜಿ ಎಂಬ ಗೆರೆಚಿತ್ರದ ಫೈಲ್ ಮಾಡಿ ಅಪ್‌ಲೋಡ್ ಮಾಡಿ. ಪಾತ್ ಆದ ಮೇಲೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುವ ಭಯ ಇಲ್ಲ. ಯೂನಿಯನ್ ಯಾಕೆಂದರೆ, ಅದಿಲ್ಲದಿದ್ದರೆ ಒತ್ತು ಮತ್ತು ಅಕ್ಷರ ಒಂದರ ಮೇಲೊಂದು ಹಾಯುವ ಕಡೆ ಅಡ್ಡಗೆರೆ ಉಳಿದುಬಿಡುತ್ತದೆ. ಲಕ್ಷ್ಮೀ ಎಂದು ಒಮ್ಮೆ ಬರೆದು ದೊಡ್ಡದು ಮಾಡಿ ನೋಡಿ. ಕ ಕೆಳಗೆ ಷ, ಅದರ ಕೆಳಗೆ ಮ, ಪಕ್ಕದಲ್ಲಿ ದೀರ್ಘ. ಎಷ್ಟು ಗೆರೆ ಎಷ್ಟು ಕಡಿಮೆ ಜಾಗದಲ್ಲಿ! ಇಂಥ ಹೆಸರಿದ್ದರೆ ಅಕ್ಷರದ ಎತ್ತರ 1 ಸೆಂ.ಮೀ.ಗಿಂತ ಕಡಿಮೆ ಮಾಡದಿರುವುದು ಒಳ್ಳೆಯದು.

ಬೇರೆ ಮಷೀನು ಇದ್ದರೆ?

ಎಕ್ಸ್‌ಪ್ಲೋರ್, ಸಿಲೂಯೆಟ್ ಕಂಪನಿಯ ಕ್ಯಾಮಿಯೊ, ಬ್ರದರ್ ಕಂಪನಿಯ ಸ್ಕ್ಯಾನ್‌ಎನ್‌ಕಟ್ ಇಟ್ಟುಕೊಂಡವರಿಗೆ ಹೊರಗಿನ ಸಣ್ಣ ತಯಾರಕರ ಟಿಪ್‌ಗಳು ಸಿಗುತ್ತವೆ. ಪೆನ್ನು ಇಡುವ ಜಾಗದಲ್ಲಿ ಇವನ್ನು ಇಟ್ಟು, ಸಾಫ್ಟ್‌ವೇರಿಗೆ ಚಿತ್ರ ಬರಿ ಅಂತ ಹೇಳುವುದು, ಅಷ್ಟೇ. ಕೆಲಸ ಮಾಡುತ್ತವೆ. ಆದರೆ ಒತ್ತುವ ಬಲ ಕಡಿಮೆ ಇರುವ ಮಷೀನಿನಲ್ಲಿ ಆನೋಡೈಸ್ ಅಲ್ಯೂಮಿನಿಯಂ, ಅಕ್ರಿಲಿಕ್ ಬಿಟ್ಟು ಬೇರೆಯದಕ್ಕೆ ಕೈ ಹಾಕಬೇಡಿ. ಸಿಲೂಯೆಟ್ ಕ್ಯಾಮಿಯೊ 3ರ ಬಲ 210 ಗ್ರಾಂ. ಕ್ಯಾಮಿಯೊ 4ರ ಎರಡನೇ ಗಾಡಿ (ಬ್ಲೇಡು, ಟಿಪ್ ಹಿಡಿದು ಓಡಾಡುವ ಭಾಗ) 5 ಕೆ.ಜಿ.ವರೆಗೆ ಒತ್ತುತ್ತದೆ. ಹೆಸರು ಒಂದೇ ಆದರೂ ಎರಡಕ್ಕೂ ಅಜಗಜಾಂತರ. ಟಿಪ್ ಕೊಳ್ಳುವಾಗ ಅದು ಯಾವ ಗಾಡಿಗೆ ಕೂರುತ್ತದೆ ಎಂದು ನೋಡಿಕೊಳ್ಳಿ. ಹೊರಗಿನ ಟಿಪ್ ಹಾಕಿ ಮಷೀನು ಕೆಟ್ಟರೆ ವಾರಂಟಿ ಕೇಳುವುದು ಕಷ್ಟ ಅನ್ನುವುದೂ ತಲೆಯಲ್ಲಿರಲಿ.

ಕ್ಯಾಮಿಯೊದ ಸಾಫ್ಟ್‌ವೇರ್ ಸಿಲೂಯೆಟ್ ಸ್ಟುಡಿಯೊ ಇಂಟರ್ನೆಟ್ ಇಲ್ಲದೆ ನಡೆಯುತ್ತದೆ. ಇದು ನಮ್ಮ ಕಡೆ ಸಣ್ಣ ಅನುಕೂಲ ಏನಲ್ಲ. ಆದರೆ ಉಚಿತ ಆವೃತ್ತಿ ಎಸ್‌ವಿಜಿ ತೆರೆಯುವುದಿಲ್ಲ, ದುಡ್ಡು ಕೊಟ್ಟು ಡಿಸೈನರ್ ಎಡಿಷನ್ ಮಾಡಿಕೊಳ್ಳಬೇಕು. ಇಲ್ಲವೇ ಇಂಕ್‌ಸ್ಕೇಪಿನಿಂದ ಡಿಎಕ್ಸ್‌ಎಫ್ ಎಂಬ ಇನ್ನೊಂದು ಬಗೆಯ ಫೈಲ್ ಆಗಿ ತೆಗೆದು ಕೊಡಬಹುದು. ಕ್ರಿಕಟ್‌ನ ಡಿಸೈನ್ ಸ್ಪೇಸ್‌ನಲ್ಲಿ ಎಸ್‌ವಿಜಿ ಉಚಿತವಾಗಿ ಹೋಗುತ್ತದೆ. ಖಾತೆ ಮಾತ್ರ ಬೇಕೇ ಬೇಕು, ಬಹುತೇಕ ಕೆಲಸಕ್ಕೆ ನೆಟ್ ಕೂಡ ಬೇಕು.

ಗಾಜಿಗೆ ಟಿಪ್ ಬೇಡ, ಕ್ರೀಮ್ ಸಾಕು

ಗಾಜಿನ ವಿಷಯದಲ್ಲಿ ನನ್ನದು ಒಂದೇ ಮಾತು. ಕಟಿಂಗ್ ಮಷೀನಿನಿಂದ ಸ್ಟೆನ್ಸಿಲ್ ಕತ್ತರಿಸಿ, ಎಚಿಂಗ್ ಕ್ರೀಮ್ ಹಚ್ಚಿ. ಮಷೀನು ಅತಿ ಚಿಕ್ಕದಾದರೂ ನಡೆಯುತ್ತದೆ, ಅದು ಕತ್ತರಿಸುವುದು ವಿನೈಲ್ ತಾನೆ. ಲೋಟ ಗುಂಡಗಿದ್ದರೂ ವಿನೈಲ್ ಬಾಗುತ್ತದೆ. ಟೊಳ್ಳು ಅಕ್ಷರದ ತಲೆನೋವೂ ಇಲ್ಲ. ತುಂಬಿದ, ದಪ್ಪ ಕನ್ನಡ ಅಕ್ಷರ ಮಂಜು ಕಟ್ಟಿದ ಹಾಗೆ ಬೆಳ್ಳಗೆ ಮೂಡುತ್ತದೆ. ಕನ್ನಡದ ಮಟ್ಟಿಗೆ ಅತಿ ಚೆಂದದ ಫಲಿತಾಂಶ ಇದರಲ್ಲೇ ಬರುತ್ತದೆ.

ಸ್ಟೆನ್ಸಿಲ್‌ನ ಒಳ ತುಂಡುಗಳ ಮೇಲೆ ಕಣ್ಣಿರಲಿ. ಮಂಜುನಾಥ ಎಂದು ಕತ್ತರಿಸಿದಿರಿ. ಅಕ್ಷರದ ಭಾಗ ಕಿತ್ತು ತೆಗೆಯುವಾಗ ಥ ಒಳಗಿನ ಚುಕ್ಕೆಯ ಜಾಗವೂ ಗಾಜು ಕಾಣುವ ಹಾಗೆ ತೆರೆದಿರಬೇಕು. ಆ ಚಿಕ್ಕ ಚುಕ್ಕೆ ಕೀಳುವುದು ಮರೆತರೆ ಕ್ರೀಮ್ ತೊಳೆದ ಮೇಲೆ ಲೋಟದ ಮೇಲೆ ಮಂಜುನಾಧ ಎಂದಿರುತ್ತದೆ. ತಿದ್ದಲು ಆಗುವುದಿಲ್ಲ. ಠ ಅಕ್ಷರದ ಕಥೆಯೂ ಇದೇ.

ಮೊದಲು ಗಾಜನ್ನು ಸ್ಪಿರಿಟ್ಟಿನಲ್ಲಿ ಒರೆಸಿ. ಬೆರಳಿನ ಎಣ್ಣೆ ಇದ್ದ ಕಡೆ ಮಚ್ಚೆ ಬರುತ್ತದೆ. ಸ್ಟೆನ್ಸಿಲ್ ಅಂಟಿಸಿ ಅಂಚುಗಳನ್ನು ಉಗುರಿನಿಂದಲ್ಲ, ಪ್ಲಾಸ್ಟಿಕ್ ಕಾರ್ಡಿನಿಂದ ಒತ್ತಿ. ಕ್ರೀಮನ್ನು ದಪ್ಪಗೆ ಹಚ್ಚಿ. ಎಷ್ಟು ನಿಮಿಷ ಬಿಡಬೇಕು ಅನ್ನುವುದು ಬಾಟಲಿಯ ಮೇಲೆ ಇರುತ್ತದೆ, ಅದನ್ನೇ ನಂಬಿ.

ಎಚ್ಚರಿಕೆ ಸುಮ್ನೆ ಹೇಳುತ್ತಿಲ್ಲ. ಈ ಕ್ರೀಮಿನಲ್ಲಿ ಫ್ಲೋರೈಡ್ ಲವಣಗಳಿರುತ್ತವೆ. ಚರ್ಮಕ್ಕೆ ತಾಗಿದಾಗ ಕೂಡಲೇ ಉರಿಯದೆ ಇರಬಹುದು, ಆಮೇಲೆ ಗಾಯ ಮಾಡುತ್ತದೆ. ಕೈಗವಸು, ಕನ್ನಡಕ ಕಡ್ಡಾಯ. ಕಿಟಕಿ ತೆರೆದಿರಲಿ, ಮಕ್ಕಳು ದೂರ ಇರಲಿ. ಧಾರಾಳ ನೀರಿನಲ್ಲಿ ತೊಳೆಯಿರಿ. ಪಿಂಗಾಣಿ ಸಿಂಕಿನ ಹೊಳಪನ್ನೂ ಇದು ತಿನ್ನಬಹುದು, ಹಾಗಾಗಿ ಸ್ಟೀಲ್ ಸಿಂಕ್ ಅಥವಾ ಪ್ಲಾಸ್ಟಿಕ್ ಟಬ್ ಮೇಲು. ಒಲೆಯ ಮೇಲಿಡುವ ಬೋರೋಸಿಲಿಕೇಟ್ ಗಾಜಿನ ಮೇಲೆ ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ, ತಳದಲ್ಲಿ ಒಂದು ಚುಕ್ಕೆ ಹಚ್ಚಿ ನೋಡಿ. ಬರವಣಿಗೆ ಲೋಟದ ಹೊರಮೈಯಲ್ಲಿ, ತುಟಿ ತಾಗುವ ಅಂಚಿನಿಂದ ಕೆಳಗೆ ಇರಲಿ.

ಲೇಸರ್ ಯಾರಿಗೆ ಬೇಕು?

ಮರದ ಮೇಲೆ ಫೋಟೊ, ಚರ್ಮದ ಪರ್ಸಿನ ಮೇಲೆ ಹೆಸರು, ರಟ್ಟಿನ ಲಗ್ನಪತ್ರಿಕೆ, ಇವೆಲ್ಲ ಲೇಸರಿನ ಕೆಲಸ. ಮಾರಾಟಕ್ಕೆ ಮಾಡುವ ಯೋಚನೆ ಇದ್ದರೂ ಲೇಸರೇ. ಟಿಪ್ಪಿಗಿಂತ ಎಷ್ಟೋ ಬೇಗ, ತುಂಬಿದ ಅಕ್ಷರ ಸಲೀಸು, ಕನ್ನಡ ಫಾಂಟಿನ ಗೋಳಿಲ್ಲ.

ಮನೆಗೆ ಬರುವ ಅಗ್ಗದ ಲೇಸರುಗಳೆಲ್ಲ ನೀಲಿ ಡಯೋಡ್ ಲೇಸರುಗಳು. ತರಂಗಾಂತರ ಸುಮಾರು 450 ನ್ಯಾನೊಮೀಟರ್. ಈ ನೀಲಿ ಬೆಳಕು ಪಾರದರ್ಶಕ ಅಕ್ರಿಲಿಕ್ ಮೂಲಕ ಸೀದಾ ಹಾದುಹೋಗುತ್ತದೆ, ಏನೂ ಕೆತ್ತುವುದಿಲ್ಲ. ಬರಿ ಅಲ್ಯೂಮಿನಿಯಂ, ಹಿತ್ತಾಳೆ ಮೇಲೆ ಬಿದ್ದರೆ ಪ್ರತಿಫಲಿಸುತ್ತದೆ. ಅಂದರೆ ಟಿಪ್ ಚೆನ್ನಾಗಿ ಮಾಡುವ ಎರಡು ಕೆಲಸವನ್ನು ಅದಕ್ಕಿಂತ ದುಬಾರಿಯ ಲೇಸರ್ ಮಾಡುವುದಿಲ್ಲ! ಆನೋಡೈಸ್ ಮಾಡಿದ ಲೋಹ ಮಾತ್ರ ಎರಡರಲ್ಲೂ ಚೆನ್ನಾಗಿ ಬರುತ್ತದೆ. ಪಾರದರ್ಶಕ ಅಕ್ರಿಲಿಕ್ಕಿಗೆ ಕಾರ್ಬನ್ ಡೈಆಕ್ಸೈಡ್ ಲೇಸರ್ ಬೇಕು, ಬರಿ ಲೋಹಕ್ಕೆ ಫೈಬರ್ ಲೇಸರ್ ಬೇಕು. ಅವು ಅಂಗಡಿಯವರ ಮಷೀನುಗಳು.

ಬಾಡಿಗೆ ಫ್ಲಾಟಿನಲ್ಲಿರುವವರು ಹೊಗೆಯ ಬಗ್ಗೆ ಮೊದಲು ಯೋಚಿಸಿ. ಮರ ಸುಟ್ಟ ವಾಸನೆ ಪರದೆ, ಸೋಫಾ ಬಿಟ್ಟು ಹೋಗುವುದಿಲ್ಲ. ಕೊಳವೆ ಹಾಕಿ ಕಿಟಕಿಯಿಂದ ಹೊರಗೆ ಬಿಡಬೇಕು, ಪಕ್ಕದ ಮನೆಯವರ ಬಟ್ಟೆ ಒಣಗುವ ಬಾಲ್ಕನಿ ಎಲ್ಲಿದೆ ಅಂತಲೂ ನೋಡಿಕೊಳ್ಳಬೇಕು. ಮುಚ್ಚಳ ಇಲ್ಲದ ಲೇಸರ್ ಕೊಂಡರೆ ಆ ತರಂಗಾಂತರಕ್ಕೇ ಮಾಡಿದ ಕನ್ನಡಕ ಬೇಕು. ತಂಪು ಕನ್ನಡಕ ಹಾಕಿಕೊಂಡರೆ ಸಾಲದು. ಕೆಲಸ ನಡೆಯುವಾಗ ಕೋಣೆ ಬಿಟ್ಟು ಹೋಗಬೇಡಿ, ಬೆಂಕಿ ಹತ್ತುವುದು ಅಪರೂಪವೇನಲ್ಲ.

ಅತಿ ಮುಖ್ಯವಾದದ್ದು, ಪಿವಿಸಿ ಸುಡಬಾರದು. ವಿನೈಲ್ ಸ್ಟಿಕರ್ ಪಿವಿಸಿ. ನಮ್ಮಲ್ಲಿ ಬ್ಯಾಗು, ಸೀಟ್ ಕವರಿಗೆ ಬಳಸುವ ರೆಕ್ಸಿನ್ ಕೂಡ ಬಹುಮಟ್ಟಿಗೆ ಪಿವಿಸಿಯೇ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಶ್ವಾಸಕೋಶಕ್ಕೂ ಹಾಳು, ಮಷೀನಿನ ಲೋಹಕ್ಕೆ ತುಕ್ಕು. 'ಲೆದರ್' ಅಂತ ಹೇಳಿ ಕೊಟ್ಟ ಪರ್ಸು ನಿಜವಾಗಿ ಲೆದರ್ರೋ ರೆಕ್ಸಿನ್ನೋ ಖಚಿತವಿಲ್ಲದಿದ್ದರೆ ಲೇಸರ್ ಕೆಳಗೆ ಇಡಬೇಡಿ.

ಇನ್ನೂ ಯಾವ ಮಷೀನೂ ಕೊಂಡಿಲ್ಲ, ಕತ್ತರಿಸುವುದೂ ಕೆತ್ತುವುದೂ ಎರಡೂ ಬೇಕು ಅನ್ನುವವರಿಗೆ ಎಕ್ಸ್‌ಟೂಲ್ ಎಂ1 ಥರದ ಮಷೀನುಗಳಿವೆ. ಬ್ಲೇಡು, ಡಯೋಡ್ ಲೇಸರು ಎರಡೂ ಒಂದೇ ಪೆಟ್ಟಿಗೆಯಲ್ಲಿ, ಮುಚ್ಚಳದ ಸಮೇತ. ಹೊಸಬರು ಮೇಕರ್ ಜೊತೆ ಇದನ್ನೂ ಇಟ್ಟು ತೂಗಿ ನೋಡಬೇಕು. ಮೇಕರ್ ಈಗಾಗಲೇ ಇದ್ದರೆ, ಬ್ಲೇಡಿಗೆ ಎರಡನೇ ಸಲ ದುಡ್ಡು ಕೊಡುವ ಅಗತ್ಯ ಇಲ್ಲ.

ಸ್ಟೀಲ್ ಪಾತ್ರೆಗೆ ಹಳೆಯ ದಾರಿಯೇ ಸರಿ

ಪಾತ್ರೆ ಅಂಗಡಿಯಲ್ಲಿ ಬಿಲ್ ಆದ ಮೇಲೆ 'ಹೆಸರು ಏನು ಹಾಕ್ಬೇಕಮ್ಮಾ?' ಅಂತ ಕೇಳಿ, ಟರ್ರ್ ಎಂದು ಸದ್ದು ಮಾಡುತ್ತಾ ಬರೆದುಕೊಡುತ್ತಾರಲ್ವಾ? ಆ ಪೆನ್ನಿನ ಮೊನೆ ಬಹಳ ವೇಗವಾಗಿ ಮೇಲೆ ಕೆಳಗೆ ಕುಟ್ಟುತ್ತದೆ. ಚುಕ್ಕೆಗಳು ಸೇರಿ ಗೆರೆ ಆಗುತ್ತದೆ. ಗುಂಡಗಿನ ಡಬ್ಬ, ಲೋಟ, ಸೌಟಿನ ಹಿಡಿ ಎಲ್ಲದರ ಮೇಲೂ ಬರೆಯುತ್ತದೆ. ಯಾವ ಕಟಿಂಗ್ ಮಷೀನೂ ಇದನ್ನು ಮಾಡುವುದಿಲ್ಲ. ಮನೆಗೆ ಬಳಸುವ ಇಂಥ ಪೆನ್ನುಗಳು ಈ ಪಟ್ಟಿಯಲ್ಲಿರುವ ಮಷೀನುಗಳೆಲ್ಲಕ್ಕಿಂತ ಅಗ್ಗ.

ಕೈಬರಹ ಚೆನ್ನಾಗಿಲ್ಲ ಅನ್ನುವವರಿಗೆ ಕಟಿಂಗ್ ಮಷೀನು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹೆಸರನ್ನು ವಿನೈಲ್‌ನಲ್ಲಿ ಕತ್ತರಿಸಿ, ಅಕ್ಷರದ ಭಾಗ ಕಿತ್ತು, ಸ್ಟೆನ್ಸಿಲ್ಲನ್ನು ಡಬ್ಬಕ್ಕೆ ಅಂಟಿಸಿ. ತೆರೆದ ಜಾಗದೊಳಗೆ ಪೆನ್ನಿನಿಂದ ಚುಕ್ಕೆ ತುಂಬುತ್ತಾ ಹೋಗಿ. ಅಂಚಿಗೆ ಬಂದಾಗ ಕೈ ಹಗುರ ಮಾಡಿ, ಜಾಸ್ತಿ ಒತ್ತಿದರೆ ವಿನೈಲ್ ಹರಿಯುತ್ತದೆ. ಕಿತ್ತಾಗ ಅಂಚು ಚೊಕ್ಕವಾಗಿರುವ ಅಕ್ಷರ ಸಿಗುತ್ತದೆ. ಮೊದಲು ಹಳೆಯ ಡಬ್ಬದ ಮುಚ್ಚಳದ ಮೇಲೆ ಕೈ ಪಳಗಿಸಿಕೊಳ್ಳಿ. ಬರೆಯುವುದು ಪಾತ್ರೆಯ ಹೊರಗೆ ಅಥವಾ ತಳದಲ್ಲಿ ಮಾತ್ರ. ಒಳಗೆ ಗೀರು ಬಿದ್ದರೆ ಜಿಡ್ಡು ಕೂರುತ್ತದೆ. ನಾನ್‌ಸ್ಟಿಕ್ ಮೇಲೆ ಯಾವತ್ತೂ ಬೇಡ.

ಕೊಳ್ಳುವಾಗ

ನಮ್ಮಲ್ಲಿ ಈ ಮಷೀನುಗಳನ್ನು ಅಮೆರಿಕದಿಂದ ಬರುವ ಅಣ್ಣನೋ ಅಕ್ಕನೋ ಸೂಟ್‌ಕೇಸಿನಲ್ಲಿ ತಂದುಕೊಡುವುದು ಸಾಮಾನ್ಯ. ಹಾಗೆ ತರಿಸುವುದಾದರೆ ಅಡಾಪ್ಟರಿನ ಮೇಲೆ 100-240 ವೋಲ್ಟ್ ಎಂದು ಬರೆದಿದೆಯೇ ಅಂತ ಫೋಟೊ ಕಳಿಸಲು ಹೇಳಿ. ವಾರಂಟಿ ಇಲ್ಲಿ ನಡೆಯುತ್ತದೆಯೇ ಕೇಳಿ. ಮುಖ್ಯವಾಗಿ, ಮಷೀನಿನ ಜೊತೆಗೇ ಒಂದು ಹೆಚ್ಚುವರಿ ಟಿಪ್, ಒಂದು ಸ್ಟ್ರಾಂಗ್‌ಗ್ರಿಪ್ ಮ್ಯಾಟ್ ತರಿಸಿಕೊಳ್ಳಿ. ಬಿಲ್ಲೆ, ತಗಡು, ಅಕ್ರಿಲಿಕ್ ಎಲ್ಲ ಇಲ್ಲೇ ಸಿಗುತ್ತವೆ, ಅವಕ್ಕೆ ಲಗೇಜಿನ ತೂಕ ಹಾಳು ಮಾಡಬೇಡಿ.

ಕರೆಂಟ್ ಹೋಗಿ ಬರುವ ಊರಾದರೆ ಮಷೀನು ಮತ್ತು ಕಂಪ್ಯೂಟರ್ ಎರಡನ್ನೂ ಯುಪಿಎಸ್‌ಗೆ ಹಾಕಿ. ಮಧ್ಯದಲ್ಲಿ ಕರೆಂಟ್ ಹೋದರೆ ಮಷೀನು ಎಲ್ಲಿತ್ತು ಅನ್ನುವುದು ಮರೆತುಬಿಡುತ್ತದೆ. ಕಾಗದವಾದರೆ ಇನ್ನೊಂದು ಹಾಳೆ ಹಾಕಬಹುದು. ಅರ್ಧ ಕೆತ್ತಿದ ಹಿತ್ತಾಳೆ ತಗಡನ್ನು ಹಿಂದುಮುಂದು ಮಾಡಿ ಇನ್ನೊಂದು ಬದಿಯಲ್ಲಿ ಮತ್ತೆ ಶುರು ಮಾಡಬೇಕಾಗುತ್ತದೆ.